ಅರಸನಿಗೂ ಒಕ್ಕಲಿಗೂ ನಡುವೆ: ಶ್ರೀರಂಗಪಟ್ಟಣ ಸೀಮೆಯಲ್ಲಿ ಅರಸೊತ್ತಿಗೆ ಬಲಗೊಂಡ ಬಗೆ

(ಸಿಂಧಘಟ್ಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಅರಸರು ತಮ್ಮ ಕೈಕೆಳಗಿನ ಸಾಮಂತರನ್ನು, ನಾಯಕರನ್ನು, ಪಾಳೆಯಗಾರರನ್ನು ಹೇಗೆ ಹದ್ದುಬಸ್ತಿನಲ್ಲಿಟ್ಟರು ಎಂಬ ಪ್ರಶ್ನೆಯನ್ನು ವಿದ್ವಾಂಸರು ಸಾಮಾನ್ಯವಾಗಿ ರಾಜಧಾನಿಯಲ್ಲಿ ನಿಂತು ಕೇಳುತ್ತಾರೆ. ಹಳೇಬೀಡಿನಲ್ಲಿ ನಿಂತರೆ ಅರಸ ದೊಡ್ಡವನಾಗಿ ಕಾಣುತ್ತಾನೆ, ಹಂಪಿಯಲ್ಲಿ ನಿಂತರೆ ಇನ್ನೂ ದೊಡ್ಡವನಾಗಿ ಕಾಣುತ್ತಾನೆ. ಅದೇ ಪ್ರಶ್ನೆಯನ್ನು ಸಿಂಧಘಟ್ಟದಂಥ ಊರಿನಲ್ಲಿ ನಿಂತು ಕೇಳಿದರೆ ಉತ್ತರ ಬದಲಾಗುತ್ತದೆ. ಇಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣನ ಗುಡಿ ಇದೆ. ಪಶ್ಚಿಮಕ್ಕೆ ಹೋದರೆ ಕಿಕ್ಕೇರಿ, ಹೊಸಹೊಳಲು, ಇತ್ತ ಬಂದರೆ ಮೇಲುಕೋಟೆ, ತೊಣ್ಣೂರು, ಆಚೆಗೆ ನಾಗಮಂಗಲ, ಕೆಳಗೆ ಕಾವೇರಿಯ ನಡುಗಡ್ಡೆಯ ಮೇಲೆ ಶ್ರೀರಂಗಪಟ್ಟಣ. ಈ ಸೀಮೆ ಹೊಯ್ಸಳರ ಸಾಮಂತರನ್ನು ಕಂಡಿದೆ, ವಿಜಯನಗರದ ನಾಯಕರನ್ನು ಕಂಡಿದೆ, ಚನ್ನಪಟ್ಟಣದ ಜಗದೇವರಾಯನನ್ನು ಕಂಡಿದೆ, ಮೈಸೂರಿನ ಒಡೆಯರನ್ನು ಕಂಡಿದೆ. ಒಬ್ಬರ ಮೇಲೊಬ್ಬರು ಬಂದರು. ಅವರೆಲ್ಲರಿಗೂ ಕಂದಾಯ ಕೊಟ್ಟವನು ಮಾತ್ರ ಇಲ್ಲಿನ ಒಕ್ಕಲಿಗ.

ಆದ್ದರಿಂದ ನನ್ನ ಇಂದಿನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಅರಸನ ಬಲ ಹೆಚ್ಚಿತು ಎಂದು ನಾವು ಓದುವಾಗಲೆಲ್ಲ ಅದರ ಅರ್ಥ, ಅರಸನಿಗೂ ಉಳುವವನಿಗೂ ನಡುವೆ ನಿಂತಿದ್ದ ಒಬ್ಬ ದೊರೆ ಪಕ್ಕಕ್ಕೆ ಸರಿದ ಎಂದು. ಅವನನ್ನು ಸರಿಸಲು ಕತ್ತಿ ಬೇಕಾಯಿತು, ನಿಜ. ಆದರೆ ಸರಿಸಿದ ಮೇಲೆ ಆ ಜಾಗ ಮತ್ತೆ ತುಂಬದಂತೆ ನೋಡಿಕೊಂಡದ್ದು ಕತ್ತಿಯಲ್ಲ; ಕಂದಾಯದ ಲೆಕ್ಕ, ಕಚೇರಿ, ಅಂಚೆ, ದೇವಸ್ಥಾನ. ಅರಸನನ್ನು ಅಳೆಯಬೇಕಾದದ್ದು ಎಷ್ಟು ಕೋಟೆ ಗೆದ್ದ ಎಂಬುದರಿಂದಲ್ಲ, ನಡುವಿನ ದೊರೆ ಹೋದ ಮೇಲೆ ಒಕ್ಕಲಿನ ಹೊರೆ ಇಳಿಯಿತೋ ಏರಿತೋ ಎಂಬುದರಿಂದ.

ಹೊಯ್ಸಳರಿಂದ ಶುರು ಮಾಡೋಣ. ಅವರೇ ಮೊದಲು ಸಾಮಂತರು. ಕಲ್ಯಾಣದ ಚಾಲುಕ್ಯರ ಕೆಳಗೆ ಮಹಾಮಂಡಲೇಶ್ವರರಾಗಿದ್ದವರು. ವಿಷ್ಣುವರ್ಧನ 1116ರ ಹೊತ್ತಿಗೆ ದಂಡನಾಯಕ ಗಂಗರಾಜನ ಮೂಲಕ ಚೋಳರಿಂದ ತಲಕಾಡನ್ನು ಕಿತ್ತುಕೊಂಡ. ಅವನು ಬೆಳೆಯುತ್ತಿರುವುದನ್ನು ಕಂಡು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ತನ್ನ ಉಳಿದ ಸಾಮಂತರನ್ನೇ ಅವನ ಮೇಲೆ ಛೂ ಬಿಟ್ಟ. 1118ರಲ್ಲಿ ಕಣ್ಣೆಗಾಲದಲ್ಲಿ ಹನ್ನೆರಡು ಸಾಮಂತರ ಚಾಲುಕ್ಯ ಸೈನ್ಯದ ಮೇಲೆ ಗಂಗರಾಜ ರಾತ್ರೋರಾತ್ರಿ ಬಿದ್ದು ಅದನ್ನು ಚದುರಿಸಿದ. ಸಾಮಂತನ ಮೇಲೆ ಸಾಮಂತನನ್ನು ಎತ್ತಿಕಟ್ಟುವುದು ಆ ಕಾಲದ ಚಕ್ರವರ್ತಿಗಳ ಹಳೆಯ ಉಪಾಯ. ಅದರ ದೌರ್ಬಲ್ಯವೂ ಅಂದೇ ಗೊತ್ತಾಯಿತು. ಎರವಲು ಸೈನ್ಯದಿಂದ ಆಳುವವನು, ಸೈನ್ಯ ಕೊಡುವವರ ಮನಸ್ಸು ಕಾಯುತ್ತಲೇ ಇರಬೇಕು. ಎರಡು ತಲೆಮಾರು ಕಳೆದು, 1190ರ ದಶಕದಲ್ಲಿ ಸೇವುಣರನ್ನು ಸೋಲಿಸಿದ ಇಮ್ಮಡಿ ವೀರಬಲ್ಲಾಳ ಯಾರ ಹೆಸರನ್ನೂ ತನ್ನ ಶಾಸನದ ತಲೆಯ ಮೇಲೆ ಹೊರದೆ ಸ್ವತಂತ್ರನಾದ.

ಸ್ವತಂತ್ರನಾದವನಿಗೆ ಹೊಸ ಚಿಂತೆ. ತಾನು ಚಾಲುಕ್ಯರಿಗೆ ಮಾಡಿದ್ದನ್ನೇ ತನ್ನ ಕೆಳಗಿನವರು ತನಗೆ ಮಾಡಿದರೆ? ಅದು ಬರಿಯ ಶಂಕೆಯಲ್ಲ. ಕೊಡಗಿನ ಕಡೆಯ ಚಂಗಾಳ್ವರು ಬಗ್ಗಿರಲಿಲ್ಲ. ಬಲ್ಲಾಳನ ಆಳ್ವಿಕೆಯ ಮೊದಲ ವರ್ಷಗಳಲ್ಲೇ, 1174ರಲ್ಲಿ, ಅವನ ದಂಡನಾಯಕ ಬೆಟ್ಟರಸ ಪಾಲ್ಪರೆಯ ಕೋಟೆಗೆ ದಂಡೆತ್ತಿ ಹೋಗಬೇಕಾಯಿತು. ಬೆಟ್ಟರಸನಂಥ ದಂಡನಾಯಕರಲ್ಲೇ ಹೊಯ್ಸಳರ ಮೊದಲ ಉತ್ತರವಿದೆ. ಸಾಮಂತನ ನಾಡು ಅವನ ಅಪ್ಪ ಅಜ್ಜಂದಿರಿಂದ ಬಂದದ್ದು. ದಂಡನಾಯಕನ ಪದವಿ ಅರಸ ಕೊಟ್ಟದ್ದು. ಗಂಗರಾಜ, ಪುಣಿಸರಂಥವರು ಎಷ್ಟೇ ದೊಡ್ಡವರಾಗಿದ್ದರೂ ಅವರ ದೊಡ್ಡತನದ ಬೇರು ಅರಮನೆಯಲ್ಲಿತ್ತು. ಎರಡನೆಯ ಉತ್ತರ ಅಗ್ರಹಾರ. ಒಂದು ಹಳ್ಳಿಯ ಆದಾಯವನ್ನು ಅರಸ ಮಹಾಜನರಿಗೆ ಬಿಟ್ಟುಕೊಟ್ಟರೆ ಆ ಹಳ್ಳಿ ಸ್ಥಳೀಯ ಸಾಮಂತನ ಕೈ ತಪ್ಪಿ, ಅರಸನಿಗೆ ನೇರವಾಗಿ ಋಣಿಯಾದ ಊರಾಗುತ್ತಿತ್ತು. ಅದನ್ನು ಬರಿಯ ಧರ್ಮಕಾರ್ಯವೆಂದು ಓದಿದರೆ ಅರ್ಧ ಓದಿದ ಹಾಗೆ. ಧರ್ಮವೂ ಹೌದು, ರಾಜಕಾರಣವೂ ಹೌದು. ಆ ಕಾಲದ ಜನ ಎರಡನ್ನೂ ಬೇರೆ ಬೇರೆ ಕಟ್ಟಿಟ್ಟಿರಲಿಲ್ಲ.

ಹಾಗೆಂದು ಸಾಮಂತರು ಇಲ್ಲವಾದರು ಎಂದು ಎಣಿಸಬೇಡಿ. ನಮ್ಮ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ, ಒಬ್ಬ ಸಾಮಂತನ ಮಡದಿ. ಆಗ ಆಳುತ್ತಿದ್ದವನು ಒಂದನೆಯ ನರಸಿಂಹ. ಅಂಥ ಶಿಲ್ಪದ ಗುಡಿ ಕಟ್ಟಿಸುವಷ್ಟು ಸಂಪತ್ತು, ಶಿಲ್ಪಿಗಳನ್ನು ಕರೆಸುವಷ್ಟು ಕೈ, ಶಾಸನ ಹಾಕಿಸುವಷ್ಟು ಹಕ್ಕು ಸಾಮಂತರ ಮನೆಯಲ್ಲಿತ್ತು, ಆ ಮನೆಯ ಹೆಣ್ಣುಮಕ್ಕಳ ಕೈಯಲ್ಲೂ ಇತ್ತು. ಹೊಯ್ಸಳ ಅರಸ ಸಾಮಂತರನ್ನು ಅಳಿಸಲಿಲ್ಲ, ಅವರ ನಡುವೆ ಬದುಕುವುದನ್ನು ಕಲಿತ.

ಹೀಗೆ ಬದುಕುವ ಅರಸನಿಗೆ ಮೈಗಾವಲು ಬೇಕು. ಈ ವಿಷಯಕ್ಕೆ ಕರ್ನಾಟಕದಲ್ಲೇ ಅಪೂರ್ವವಾದ ಸಾಕ್ಷಿ ನಮ್ಮ ತಾಲ್ಲೂಕಿನಲ್ಲಿದೆ. ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಕಂಬದ ನೆತ್ತಿಯ ಮೇಲೆ ಆನೆ, ಆನೆಯ ಮೇಲೆ ಕುಳಿತ ಜನ, ಜೊತೆಗೆ ಗರುಡ. ಆ ಕಂಬಗಳು ದೇವರ ಧ್ವಜಸ್ತಂಭಗಳಲ್ಲ. ಗಂಡನಾರಾಯಣ ಸೆಟ್ಟಿಯ ಮನೆತನದವರು ತಲೆಮಾರಿಗೊಬ್ಬರಂತೆ, ಎರೆಯಂಗನ ಕಾಲದಿಂದ ಮೂರನೆಯ ನರಸಿಂಹನವರೆಗೆ, ತಮ್ಮ ಅರಸ ತೀರಿಕೊಂಡಾಗ ತಾವೂ ಪ್ರಾಣ ಕೊಟ್ಟರೆಂದು ಅಲ್ಲಿನ ಶಾಸನ ಹೇಳುತ್ತದೆ. ಒಬ್ಬರೇ ಸಾಯಲಿಲ್ಲ. ಹೆಂಡತಿಯರು ಸತ್ತರು, ದಾಸಿಯರು ಸತ್ತರು, ಆಳುಗಳು ಸತ್ತರು. ಇವರನ್ನು ಗರುಡರೆಂದು, ಲೆಂಕರೆಂದು ಕರೆದರು. ಅವರು ಹಿಡಿದ ವ್ರತ ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರದ ಪಕ್ಕದಲ್ಲಿ ಇಂಥದೇ ಇನ್ನೊಂದು ಕಂಬವಿದೆ. 1220ರಲ್ಲಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ದಂಡನಾಯಕನೂ ಅವನ ಮಡದಿ ಸುಗ್ಗಲದೇವಿಯೂ ಸಾವಿರ ವೀರರೊಂದಿಗೆ ಪ್ರಾಣ ಬಿಟ್ಟ ಸಂಗತಿ ಅದರಲ್ಲಿದೆ.

ಈ ಕಂಬಗಳ ಮುಂದೆ ನಿಂತವರು ಸ್ವಾಮಿಭಕ್ತಿಯನ್ನು ಕೊಂಡಾಡಿ ಹೋಗುತ್ತಾರೆ. ನನಗೆ ಅಲ್ಲಿ ಕಾಣುವುದು ಅರಸೊತ್ತಿಗೆಯ ಬಡತನ. ಸಾಮಂತನಿಗೆ ಅರಸ ಸತ್ತರೂ ನಾಡು ಉಳಿಯುತ್ತದೆ. ನಾಳೆ ಬರುವ ಅರಸನೊಂದಿಗೆ ಅವನು ಹೊಸ ಮಾತು ಆಡಬಲ್ಲ. ಗರುಡನಿಗೆ ಆ ನಾಳೆಯೇ ಇಲ್ಲ. ಅರಸನ ಉಸಿರು ನಿಂತ ದಿನ ತನ್ನ ಉಸಿರೂ ನಿಲ್ಲಬೇಕೆಂದು ಒಪ್ಪಿಕೊಂಡವನು ಅರಸನನ್ನು ಕೊಲ್ಲಿಸುವ ಒಳಸಂಚಿನಲ್ಲಿ ಸೇರುವುದು ಸಾಧ್ಯವಿಲ್ಲ. ಇಷ್ಟು ದೊಡ್ಡ ಬೆಲೆ ತೆತ್ತು ಪಡೆಯಬೇಕಾದ ನಂಬಿಕೆ ಎಂದರೆ, ಉಳಿದ ನಂಬಿಕೆಗಳು ಎಷ್ಟು ಸಡಿಲವಾಗಿದ್ದವು ಎಂದು ಯೋಚಿಸಿ. ಆ ದಾಸಿಯರಿಗೆ ಬೇರೆ ದಾರಿ ಇತ್ತೇ ಎಂದು ಕಲ್ಲು ಹೇಳುವುದಿಲ್ಲ. ಅವರನ್ನು ನೆನೆಯದೆ ಆ ಕಂಬದ ಹೆಮ್ಮೆಯನ್ನು ಮಾತ್ರ ನಾವು ಹೊತ್ತು ತರಬಾರದು.

ಅದೇ ಕಾಲದಲ್ಲಿ ಬೇರೆ ದೇಶಗಳಲ್ಲಿ ಏನಾಗುತ್ತಿತ್ತು? ಇಂಗ್ಲೆಂಡಿನ ಇಮ್ಮಡಿ ಹೆನ್ರಿ 12ನೆಯ ಶತಮಾನದಲ್ಲಿ ತನ್ನ ದೊರೆಗಳು ಸೈನಿಕರನ್ನು ಕಳಿಸುವ ಬದಲು ಹಣ ಕೊಡುವ ರೂಢಿಯನ್ನು ಚೆನ್ನಾಗಿ ಬಳಸಿಕೊಂಡ. ಆ ಹಣದಲ್ಲಿ ತನ್ನದೇ ಕೂಲಿ ಸೈನ್ಯ ಇಟ್ಟುಕೊಂಡ, ತನ್ನ ನ್ಯಾಯಾಧೀಶರನ್ನು ಊರೂರಿಗೆ ಕಳಿಸಿದ. ಅವನ ಮಗ ಜಾನ್ ಅತಿಯಾಗಿ ಹಿಂಡಿದಾಗ ದೊರೆಗಳು ಒಟ್ಟಾಗಿ 1215ರಲ್ಲಿ ಅವನಿಂದ ಮ್ಯಾಗ್ನಾ ಕಾರ್ಟಾಕ್ಕೆ ಮೊಹರು ಹಾಕಿಸಿಕೊಂಡರು. ಆಗ ಇಲ್ಲಿ ವೀರಬಲ್ಲಾಳ ಆಳುತ್ತಿದ್ದ. ನಮ್ಮ ಸಾಮಂತರು ಎಂದೂ ಹಾಗೆ ಒಟ್ಟಾಗಿ ಕೂತು ಅರಸನಿಂದ ಪತ್ರ ಬರೆಸಿಕೊಳ್ಳಲಿಲ್ಲ. ಅವರ ದಾರಿ ಬೇರೆ: ಅರಸ ಬಲಹೀನನಾದಾಗ ಒಬ್ಬೊಬ್ಬರಾಗಿ ಕಳಚಿಕೊಳ್ಳುವುದು. ಹೊಯ್ಸಳ ರಾಜ್ಯವೇ 1254ರ ಹೊತ್ತಿಗೆ ಅಣ್ಣತಮ್ಮಂದಿರಲ್ಲಿ ಇಬ್ಭಾಗವಾಯಿತು. ದೆಹಲಿಯ ದಾಳಿಯಿಂದ ದ್ವಾರಸಮುದ್ರ ಹಾಳಾದ ಮೇಲೆ ಮುಮ್ಮಡಿ ಬಲ್ಲಾಳ ಬಂದು ನೆಲೆಸಿದ್ದು ಪಾಂಡವಪುರದ ಪಕ್ಕದ ನಮ್ಮ ತೊಣ್ಣೂರಿನಲ್ಲೇ.

ವಿಜಯನಗರದ ಅರಸರು ಈ ಕಷ್ಟವನ್ನು ಅರಿತಿದ್ದರು. ಅವರ ಅಮರನಾಯಕತನದಲ್ಲಿ ನೆಲ ಅರಸನದು, ನಾಯಕ ಅದನ್ನು ಅರಸನ ಕೈಯಿಂದ ಪಡೆದು ಇಂತಿಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಿ, ಇಂತಿಷ್ಟು ಹಣ ಕಟ್ಟಬೇಕು. ಮಹಾನವಮಿಗೆ ರಾಜಧಾನಿಯಲ್ಲಿ ಮುಖ ತೋರಿಸಬೇಕು. ಅವನ ಪರವಾಗಿ ಸ್ಥಾನಾಪತಿಯೊಬ್ಬ ಸದಾ ಆಸ್ಥಾನದಲ್ಲಿ ಇರಬೇಕು. ಅವನು ನಾಯಕನ ವಕೀಲನೂ ಹೌದು, ಅರಸನ ಒತ್ತೆಯಾಳೂ ಹೌದು. ಆಯಕಟ್ಟಿನ ಕೋಟೆಗಳಿಗೆ ಬ್ರಾಹ್ಮಣ ದುರ್ಗಾಧಿಪತಿಗಳನ್ನು ನೇಮಿಸಬೇಕೆಂಬ ನೀತಿಯನ್ನು ಕೃಷ್ಣದೇವರಾಯ ತನ್ನ ‘ಆಮುಕ್ತಮಾಲ್ಯದ’ದಲ್ಲೇ ಹೇಳಿದ್ದಾನೆ. ನಾಡಿನಲ್ಲಿ ಸ್ವಂತ ಪಡೆ, ಸ್ವಂತ ಕುಲಬಲ ಇಲ್ಲದವನು ಕೋಟೆಯನ್ನು ತನ್ನದಾಗಿಸಿಕೊಳ್ಳಲಾರ ಎಂಬ ಲೆಕ್ಕಾಚಾರ ಅದರಲ್ಲಿದೆ.

ಈ ಸೀಮೆಗೆ ಆ ವ್ಯವಸ್ಥೆಯ ಬಿಸಿ ಚೆನ್ನಾಗಿ ತಟ್ಟಿತು. ನಾಗಮಂಗಲದ ಹೆಬ್ಬಾರ ತಿಮ್ಮಣ್ಣ 15ನೆಯ ಶತಮಾನದಲ್ಲಿ ವಿಜಯನಗರಕ್ಕೆ ಹೋಗಿ ದಣ್ಣಾಯಕ ಪದವಿಯನ್ನೂ ಶ್ರೀರಂಗಪಟ್ಟಣದಲ್ಲಿ ಕೋಟೆ ಕಟ್ಟುವ ಅನುಮತಿಯನ್ನೂ ಪಡೆದು ಬಂದನೆಂದು ಐತಿಹ್ಯವಿದೆ. ಸ್ಥಳೀಯ ಹೆಬ್ಬಾರನೊಬ್ಬ ದೊಡ್ಡವನಾಗಲು ಆಗ ತುಂಗಭದ್ರೆಯ ದಂಡೆಯವರೆಗೆ ನಡೆಯಬೇಕಾಗಿತ್ತು ಎಂಬುದೇ ಆ ಐತಿಹ್ಯದ ಸಾರ. ಉಮ್ಮತ್ತೂರಿನ ಗಂಗರಾಜ ಹಾಗೆ ನಡೆಯಲಿಲ್ಲ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ಅವನ ಮೇಲೆ ದಂಡೆತ್ತಿ ಬಂದು, ಶಿವನಸಮುದ್ರದ ಕೋಟೆ ಮುರಿದು, ಶ್ರೀರಂಗಪಟ್ಟಣವನ್ನು ಪ್ರಾಂತ್ಯದ ಕೇಂದ್ರವಾಗಿ ಮಾಡಿದ.

ಇಷ್ಟೆಲ್ಲ ಬಿಗಿ ಇದ್ದರೂ ಒಂದು ಕಡೆ ಅರಸನ ಕೈ ಎಟುಕಲಿಲ್ಲ. 1535ರ ಆಸುಪಾಸಿನಲ್ಲಿ ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ನಾಯಕರು ತಮ್ಮ ಉತ್ಪನ್ನದ ಅರ್ಧವನ್ನು ಅರಸನಿಗೆ ಕೊಡುತ್ತಿದ್ದರೆಂದೂ ಉಳುವವರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ತೆರುತ್ತಿದ್ದರೆಂದೂ ದಾಖಲಿಸಿದ್ದಾನೆ. ಆ ಲೆಕ್ಕ ಅತಿಯಾಯಿತೆಂದು ಹಲವು ಇತಿಹಾಸಕಾರರು ಒಪ್ಪುವುದಿಲ್ಲ, ನಾನೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಹತ್ತರಲ್ಲಿ ಒಂಬತ್ತು ಕೊಟ್ಟು ಯಾವ ಒಕ್ಕಲೂ ಎರಡು ವರ್ಷ ಬದುಕಲಾರದು. ಆದರೂ ಹೊರಗಿನಿಂದ ಬಂದವನ ಕಣ್ಣಿಗೂ ಕಂಡ ಸಂಗತಿ ಇದು: ಅರಸ ನಾಯಕನನ್ನು ಹಿಂಡಿದರೆ ನಾಯಕ ಒಕ್ಕಲನ್ನು ಹಿಂಡುತ್ತಾನೆ. ನಡುವಿನವನು ನಡುವಿನಲ್ಲೇ ಇರುವ ತನಕ ಅರಸನ ಬಿಗಿ ಹಳ್ಳಿಗೆ ಬರುವಾಗ ಹೊರೆಯಾಗಿಯೇ ಬರುತ್ತದೆ.

1565ರಲ್ಲಿ ವಿಜಯನಗರ ಬಿತ್ತು. ಪೆನುಗೊಂಡೆಯಲ್ಲಿ ಅರಸರು ಇದ್ದರು, ಶ್ರೀರಂಗಪಟ್ಟಣದಲ್ಲಿ ಅವರ ಪ್ರತಿನಿಧಿ ಇದ್ದ, ಆದರೆ ಮಾತಿಗೆ ತೂಕ ಇರಲಿಲ್ಲ. ಸುತ್ತಲೂ ಸಣ್ಣ ಸಣ್ಣ ಒಡೆಯರು: ಕಾರುಗಹಳ್ಳಿಯಲ್ಲಿ ಒಬ್ಬ, ಕಳಲೆಯಲ್ಲಿ ಒಬ್ಬ, ಮೂಗೂರಿನಲ್ಲಿ ಒಬ್ಬ. ಮೈಸೂರಿನವರು ಅವರಲ್ಲಿ ಒಬ್ಬರು, ಅಷ್ಟೆ. 1578ರಲ್ಲಿ ಪಟ್ಟಕ್ಕೆ ಬಂದ ರಾಜ ಒಡೆಯರ ಕಥೆ ನಮ್ಮ ವಿಷಯದ ಹೃದಯ. ಅದನ್ನು ವಿವರವಾಗಿ ಬರೆದವರಲ್ಲಿ ಮೊದಲಿಗ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸ 1810ರಿಂದ 1817ರ ನಡುವೆ ಅಚ್ಚಾಯಿತು. ರಾಜ ಒಡೆಯರು ತೀರಿಕೊಂಡು ಎರಡು ಶತಮಾನವಾದ ಮೇಲೆ ಬರೆದವನು ಅವನು ಎಂಬುದನ್ನು ಮರೆಯದೆ ಓದಬೇಕು. ಆದರೆ ಅವನ ಮುಂದೆ ಕನ್ನಡದ ಹಳೆಯ ಕಡತಗಳೂ ವಂಶಾವಳಿಗಳೂ ಇದ್ದವು.

ರಾಜ ಒಡೆಯರು ಮೊದಲು ತೋರಿಸಿಕೊಟ್ಟದ್ದು ಶ್ರೀರಂಗಪಟ್ಟಣದ ಪ್ರತಿನಿಧಿ ತಿರುಮಲರಾಯನ ಬಲಹೀನತೆಯನ್ನು. ಕಾರುಗಹಳ್ಳಿಯ ಒಡೆಯನನ್ನು ಶ್ರೀರಂಗಪಟ್ಟಣದ ಬೀದಿಯಲ್ಲೇ ಹೊಡೆದರೂ ಅವರಿಗೆ ಶಿಕ್ಷೆ ಆಗಲಿಲ್ಲವೆಂದು ವಿಲ್ಕ್ಸ್ ಬರೆಯುತ್ತಾನೆ. 1596ರಲ್ಲಿ ಮೈಸೂರಿನ ಹತ್ತಿರದ ಕೆಸರೆಯಲ್ಲಿ ತಿರುಮಲರಾಯನ ಸೈನ್ಯ ಸೋತಿತು. 1610ರಲ್ಲಿ ಶ್ರೀರಂಗಪಟ್ಟಣವೇ ಅವರ ಕೈಗೆ ಬಂತು. ಹೇಗೆ ಬಂತೆಂಬುದಕ್ಕೆ ಒಂದೊಂದು ಮೂಲ ಒಂದೊಂದು ಕಥೆ ಹೇಳುತ್ತದೆ. ತಿರುಮಲರಾಯ ಕಾಯಿಲೆಯಿಂದ ತಲಕಾಡಿಗೆ ಹೋಗುವಾಗ ಒಪ್ಪಿಸಿ ಹೋದ ಎಂಬುದು ಒಂದು, ಕೋಟೆಯನ್ನು ಗೆದ್ದುಕೊಂಡರು ಎಂಬುದು ಇನ್ನೊಂದು. ತಿರುಮಲರಾಯನ ಮಡದಿ ಅಲಮೇಲಮ್ಮನ ಶಾಪದ ಕಥೆ ಕಾವೇರಿಯ ದಂಡೆಯ ಜನರ ಬಾಯಲ್ಲಿ ಇಂದಿಗೂ ಇದೆ. ಹೇಗೇ ಬಂದಿರಲಿ, 1612ರಲ್ಲಿ ವಿಜಯನಗರದ ಅರಸ ವೆಂಕಟಪತಿರಾಯನೇ ಆ ಒಡೆತನಕ್ಕೆ ಒಪ್ಪಿಗೆಯ ಮುದ್ರೆ ಒತ್ತಬೇಕಾಯಿತು. ತಮ್ಮ ಕೊನೆಯ ವರ್ಷಗಳಲ್ಲಿ ರಾಜ ಒಡೆಯರು ನಮ್ಮ ಕಿಕ್ಕೇರಿ, ಹೊಸಹೊಳಲುಗಳನ್ನು ಚನ್ನಪಟ್ಟಣದ ಜಗದೇವರಾಯನಿಂದ ತೆಗೆದುಕೊಂಡರು. ನಾಗಮಂಗಲ ಮಾತ್ರ 1630ರ ಸುಮಾರಿಗೆ, ಮೊಮ್ಮಗ ಚಾಮರಾಜ ಒಡೆಯರ ಕಾಲದಲ್ಲಿ, ಚನ್ನಪಟ್ಟಣದ ಜೊತೆಗೆ ಮೈಸೂರಿಗೆ ಸೇರಿತು.

ಈಗ ನಾನು ನಿಮ್ಮ ಗಮನವನ್ನು ತುಂಬ ಬೇಡುವ ಜಾಗಕ್ಕೆ ಬಂದೆ. ಸೋತ ಒಡೆಯರನ್ನು ರಾಜ ಒಡೆಯರು ಏನು ಮಾಡಿದರು? ಹಿಂದಿನ ಅರಸರಾಗಿದ್ದರೆ ಕಪ್ಪ ಹೆಚ್ಚಿಸಿ ಅವರನ್ನು ಅಲ್ಲೇ ಬಿಡುತ್ತಿದ್ದರು. ರಾಜ ಒಡೆಯರು ಹಾಗೆ ಬಿಡಲಿಲ್ಲ. ಅವರನ್ನು ಅವರ ಸೀಮೆಯಿಂದ ಕಿತ್ತು, ರಾಜಧಾನಿಯಲ್ಲಿ ಕಾವಲಿನಲ್ಲಿಟ್ಟು, ಹೊಟ್ಟೆಗಾಗುವಷ್ಟು ಮಾತ್ರ ಕೊಟ್ಟರು. ಸೀಮೆಯ ರೈತರಿಗೆ ಮಾತ್ರ, ಹಿಂದಿನ ಒಡೆಯನಿಗೆ ಎಷ್ಟು ಕಟ್ಟುತ್ತಿದ್ದಿರೋ ಅಷ್ಟೇ ಕಟ್ಟಿ, ಒಂದು ಹಣ ಹೆಚ್ಚಿಗೆ ಬೇಡ ಎಂಬ ನೀತಿ ನಡೆಸಿದರು. ಒಡೆಯರ ಮೇಲೆ ಕಾಠಿಣ್ಯ, ರೈತರ ಮೇಲೆ ಕರುಣೆ: ರಾಜ ಒಡೆಯರ ಆಳ್ವಿಕೆಯ ಗುರುತು ಇದೇ ಎಂದು ವಿಲ್ಕ್ಸ್ ಹೇಳುತ್ತಾನೆ. ಹೊಸ ದೊರೆ ಬಂದಾಗ ರೈತ ಮೊದಲು ಅಂಜುವುದು ಹೊಸ ತೆರಿಗೆಗೆ. ಆ ಅಂಜಿಕೆ ಹುಸಿಯಾದರೆ ಹಳೆಯ ಪಾಳೆಯಗಾರನ ಮಗ ಬಂದು ದಂಗೆ ಏಳಿ ಎಂದು ಕೂಗಿದರೂ ಮನೆಯಿಂದ ಹೊರಗೆ ಬರುವವರು ಯಾರು? ಸಾಮಂತನ ನಿಜವಾದ ಬಲ ಅವನ ಕೋಟೆಯಲ್ಲಿರಲಿಲ್ಲ, ಅವನ ಹಿಂದೆ ನಿಲ್ಲುವ ಹಳ್ಳಿಗಳಲ್ಲಿತ್ತು. ರಾಜ ಒಡೆಯರು ಕಡಿದದ್ದು ಆ ನಂಟನ್ನು.

ಅವರು ದೇವರ ಸನ್ನಿಧಿಯನ್ನೂ ಮರೆಯಲಿಲ್ಲ. ವಿಜಯನಗರದ ಮಹಾನವಮಿಯನ್ನು 1610ರಿಂದ ಶ್ರೀರಂಗಪಟ್ಟಣದಲ್ಲಿ ದಸರೆಯಾಗಿ ಆಚರಿಸತೊಡಗಿದರು. ಮೇಲುಕೋಟೆಯ ಚೆಲುವನಾರಾಯಣನಿಗೆ ಅವರು ಒಪ್ಪಿಸಿದ ರಾಜಮುಡಿಯನ್ನು ಇಂದಿಗೂ ಉತ್ಸವದಲ್ಲಿ ಧರಿಸುತ್ತಾರೆ. ಮೇಲುಕೋಟೆಗೆ ಹೋಗಿ ಬರುವ ಈ ಸೀಮೆಯ ಜನರೆಲ್ಲರ ಕಣ್ಣಿಗೂ ಬೀಳುವ ಹಾಗೆ ಮೈಸೂರಿನ ಅರಸ ದೇವರ ತಲೆಯ ಮೇಲೆ ಕಿರೀಟವಿಟ್ಟ. ಅದರಲ್ಲಿ ಭಕ್ತಿ ಇರಲಿಲ್ಲ ಎಂದು ನಾನು ಹೇಳಲಾರೆ, ನಿಜವಾದ ಭಕ್ತಿಯೇ ಇತ್ತೆಂದು ನಂಬುತ್ತೇನೆ. ಆದರೆ ಆ ಭಕ್ತಿ ಸಣ್ಣ ಒಡೆಯರ ಸೀಮೆಗಳನ್ನು ಒಂದೇ ಅರಸನ ಸೀಮೆಯಾಗಿ ಹೆಣೆದದ್ದೂ ನಿಜ.

ಮುಂದಿನವರು ಈ ದಾರಿಯಲ್ಲೇ ಉಳಿದರೇ? ಇಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರು. ಬಿಜಾಪುರದ ರಣದುಲ್ಲಾ ಖಾನನ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿಸಿದ ವೀರರು, ತಮ್ಮ ಹೆಸರಿನ ಕಂಠೀರಾಯಿ ಹಣ ಚಲಾವಣೆಗೆ ತಂದವರು. ಆ ಹಣದ ಹೆಸರಿನ ಲೆಕ್ಕ ದಿವಾನ ಪೂರ್ಣಯ್ಯನವರ ಕಾಲಕ್ಕೂ ಮೈಸೂರಿನಲ್ಲಿ ನಡೆಯಿತು. ಆದರೆ ಅವರ ಕಾಲದಲ್ಲಿ ಅರಸನ ಕಣ್ಣು ಒಡೆಯರಿಂದ ಇಳಿದು ಹಳ್ಳಿಯ ಗೌಡನ ಮೇಲೆ ಬಿತ್ತು. ಗೌಡರು ಎದುರು ನಿಲ್ಲುವುದಕ್ಕೆ ಕಾರಣ ಅವರು ಕೂಡಿಟ್ಟ ಹಣ ಎಂದು ಎಣಿಸಿ, ಆ ಹಣವನ್ನೇ ಕಿತ್ತುಕೊಂಡು ಅವರನ್ನು ಬಗ್ಗಿಸಿದರೆಂದು ವಿಲ್ಕ್ಸನ ವರ್ಣನೆ.

ಆಮೇಲೆ ಚಿಕ್ಕದೇವರಾಜ ಒಡೆಯರು, 1673ರಿಂದ 1704ರವರೆಗೆ. ಆಡಳಿತದಲ್ಲಿ ಅವರಂಥ ಅರಸರು ಈ ವಂಶದಲ್ಲಿ ಇನ್ನೊಬ್ಬರು ಹುಟ್ಟಲಿಲ್ಲ ಎಂದರೆ ಅತಿಯಾಗದು. ಹದಿನೆಂಟು ಇಲಾಖೆಗಳ ಅಠಾರಾ ಕಚೇರಿ ಅವರದು. ಸುಂಕಕ್ಕೆ ಒಂದು ಚಾವಡಿ, ದೇವಸ್ಥಾನಕ್ಕೆ ಒಂದು, ಕಂದಾಚಾರದ ಸೈನ್ಯಕ್ಕೆ ಒಂದು, ಅರಮನೆಯ ಹಸುಗಳಿಗಾಗಿ ಬೆಣ್ಣೆ ಚಾವಡಿ, ಹೊಗೆಸೊಪ್ಪಿಗೂ ಒಂದು ಚಾವಡಿ. ಕಾವೇರಿಯ ದಕ್ಷಿಣಕ್ಕೆ ಮೈಸೂರು ಹೋಬಳಿ ಚಾವಡಿ, ಉತ್ತರಕ್ಕೆ ಪಟ್ಟಣ ಹೋಬಳಿ ಚಾವಡಿ. ನಮ್ಮ ಈ ನೆಲ ಹೊಳೆಯ ಉತ್ತರದ್ದು. ಅಂಚೆಯನ್ನು ನಾಡಿನುದ್ದಕ್ಕೂ ಹರಡಿದರು. ಅಂಚೆಯವರು ಓಲೆಯನ್ನು ಒಯ್ಯುವುದರ ಜೊತೆಗೆ ಸುದ್ದಿಯನ್ನೂ ಅರಮನೆಗೆ ತಲುಪಿಸುತ್ತಿದ್ದರು. ಒಬ್ಬ ಪಾಳೆಯಗಾರ ತನ್ನ ಮನೆಯಲ್ಲಿ ಪಿಸುಗುಟ್ಟಿದ್ದು ಶ್ರೀರಂಗಪಟ್ಟಣಕ್ಕೆ ಕೇಳಿಸುವ ಕಾಲ ಅದು.

ಚಿಕ್ಕದೇವರಾಜರ ಕಾಲಕ್ಕೆ ಒಡೆಯರೂ ಪಾಳೆಯಗಾರರೂ ಶ್ರೀರಂಗಪಟ್ಟಣದಲ್ಲೇ ಮನೆ ಮಾಡಿ ಅರಸನ ಸುತ್ತ ಗೌರವದ ಊಳಿಗಗಳಲ್ಲಿ ನಿಂತಿದ್ದರು. ದಂಗೆಕೋರ ದೊರೆ ಆಸ್ಥಾನಿಕನಾಗಿದ್ದ. ಇದೇ ಶತಮಾನದಲ್ಲಿ ಜಪಾನಿನ ತೊಕುಗಾವಾ ಶೋಗುನರು ತಮ್ಮ ದೈಮ್ಯೋಗಳಿಗೆ ಒಂದು ವರ್ಷ ಎಡೋ ನಗರದಲ್ಲಿ, ಒಂದು ವರ್ಷ ತಮ್ಮ ಸೀಮೆಯಲ್ಲಿ ಇರಬೇಕೆಂದೂ ಹೆಂಡತಿ ಮಕ್ಕಳು ಎಡೋದಲ್ಲೇ ಇರಬೇಕೆಂದೂ 1635ರಲ್ಲಿ ಕಟ್ಟು ಮಾಡಿದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1682ರಲ್ಲಿ ಆಸ್ಥಾನವನ್ನು ವರ್ಸೇಲ್ಸಿಗೆ ಒಯ್ದು ದೊಡ್ಡ ದೊಡ್ಡ ದೊರೆಗಳನ್ನು ತನ್ನ ಬೆಳಗಿನ ಉಡುಪು ಹಿಡಿಯುವ ಮರ್ಯಾದೆಗಾಗಿ ಕಾಯುವಂತೆ ಮಾಡಿದ. ಇವರಿಗೆ ಶ್ರೀರಂಗಪಟ್ಟಣದ ಸುದ್ದಿ ಗೊತ್ತಿರಲಿಲ್ಲ, ಶ್ರೀರಂಗಪಟ್ಟಣಕ್ಕೆ ಇವರ ಸುದ್ದಿ ಗೊತ್ತಿರಲಿಲ್ಲ. ಒಂದೇ ಕಷ್ಟಕ್ಕೆ ಮೂರು ನಾಡುಗಳು ಒಂದೇ ಮದ್ದು ಕಂಡುಕೊಂಡವು: ದೊರೆಯನ್ನು ಅವನ ನೆಲದಿಂದ ದೂರ ಇಡು.

ನೆಲದಿಂದ ದೊರೆ ದೂರವಾದ, ಸರಿ. ನೆಲದ ಮೇಲೆ ಇದ್ದವರ ಗತಿ? ಚಿಕ್ಕದೇವರಾಜರು ಬೆಳೆಯ ಆರರಲ್ಲಿ ಒಂದು ಭಾಗವೆಂಬ ಹಳೆಯ ಅರಸುಪಾಲನ್ನು ನೇರವಾಗಿ ಏರಿಸಲಿಲ್ಲ. ಅದಕ್ಕೆ ಬದಲಾಗಿ ಸಣ್ಣ ಸಣ್ಣ ತೆರಿಗೆಗಳನ್ನು ಒಂದರ ಮೇಲೊಂದು ಹೇರಿದರು. ವಿಲ್ಕ್ಸ್ ಕೊಡುವ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ರೈತರು ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲಿನ ಮರಕ್ಕೆ ತೂಗುಹಾಕಿದರಂತೆ. ಉಳುವುದಿಲ್ಲ ಎಂದು ಅರಸನಿಗೆ ಹೇಳಲು ಅದಕ್ಕಿಂತ ಸ್ಪಷ್ಟವಾದ ಮಾತಿಲ್ಲ. ಈ ಪ್ರತಿಭಟನೆಯ ಮುಂದಾಳುಗಳೆಂದು ಎಣಿಸಿ ಜಂಗಮರನ್ನು ನಂಜನಗೂಡಿನಲ್ಲಿ ಕೊಲ್ಲಿಸಿದರು, ನೂರಾರು ಮಠಗಳನ್ನು ಕೆಡವಿಸಿದರು ಎಂದು ಅವನು ಬರೆಯುತ್ತಾನೆ. ಅವನ ಅಂಕಿಗಳನ್ನೂ ವಿವರಗಳನ್ನೂ ಎಲ್ಲ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ರೈತರ ದಂಗೆ ನಡೆಯಿತೆಂಬುದನ್ನೂ, ಅದನ್ನು ರಕ್ತದಲ್ಲಿ ಅಡಗಿಸಿದರೆಂಬುದನ್ನೂ ಅಲ್ಲಗಳೆಯುವ ಧೈರ್ಯ ನನಗಿಲ್ಲ. ಮಂತ್ರಿ ವಿಶಾಲಾಕ್ಷ ಪಂಡಿತ 1686ರಲ್ಲಿ ಕೊಲೆಯಾದದ್ದು ಈ ಕಹಿಯ ಒಂದು ಕೊನೆ. ದಿನವೂ ಬೆಳಗ್ಗೆ ಸಾವಿರ ವರಹದ ಎರಡು ಚೀಲಗಳು ಬೊಕ್ಕಸ ಸೇರಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದ ಅರಸರನ್ನು ಜನ ನವಕೋಟಿ ನಾರಾಯಣ ಎಂದರು. ಆ ಒಂಬತ್ತು ಕೋಟಿಯಲ್ಲಿ ಸಿಂಧಘಟ್ಟದಂಥ ಊರುಗಳ ಪಾಲು ಎಷ್ಟೋ.

ಇಲ್ಲಿ ನನ್ನ ತೀರ್ಪನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಚಿಕ್ಕದೇವರಾಜರ ಕಾಲುವೆ ಇಂದಿಗೂ ಶ್ರೀರಂಗಪಟ್ಟಣದ ಗದ್ದೆಗಳಿಗೆ ನೀರು ಹಾಯಿಸುತ್ತಿದೆ. ಅವರ ಕಚೇರಿಯ ಶಿಸ್ತು ಮೈಸೂರಿನ ಆಡಳಿತದ ಬುನಾದಿಯಾಯಿತು. ಆ ಹಿರಿಮೆಯನ್ನು ಯಾರೂ ಕಿತ್ತುಕೊಳ್ಳಲಾರರು. ಆದರೂ ಸಾಮಂತರನ್ನು ಅಡಗಿಸಿದ ಅರಸರಲ್ಲಿ ದೊಡ್ಡವರು ಯಾರು ಎಂದು ಕೇಳಿದರೆ ನಾನು ರಾಜ ಒಡೆಯರ ಕಡೆಗೆ ಕೈ ತೋರಿಸುತ್ತೇನೆ. ನಡುವಿನ ದೊರೆಯನ್ನು ತೆಗೆದು, ಅವನ ಪಾಲನ್ನು ಮೀರಿ ಕೇಳದೆ ನಿಂತವರು ಅವರು. ಮುಂದಿನವರು ದೊರೆಯನ್ನೂ ತೆಗೆದರು, ದೊರೆಗಿಂತ ಹೆಚ್ಚನ್ನೂ ಕೇಳಿದರು.

ಅರಸೊತ್ತಿಗೆಗೂ ಅದರಿಂದ ನೆಮ್ಮದಿ ಸಿಗಲಿಲ್ಲ. ರಾಜ ಒಡೆಯರೇ ಕಳಲೆಯ ಮನೆತನದೊಂದಿಗೆ ಒಪ್ಪಂದ ಮಾಡಿಕೊಂಡು ದಳವಾಯಿ ಪದವಿಗೆ ಆ ಮನೆಯವರನ್ನು ತಂದಿದ್ದರು. ಹೊರಗಿನ ಪಾಳೆಯಗಾರರೆಲ್ಲ ಅಡಗಿದ ಮೇಲೆ ಉಳಿದ ಬಲಶಾಲಿ ಮನೆತನ ಅರಮನೆಯ ಒಳಗೇ ಇತ್ತು. ಚಿಕ್ಕದೇವರಾಜರು ತೀರಿಕೊಂಡು ಮೂವತ್ತು ವರ್ಷವಾಗುವುದರೊಳಗೆ, 1734ರಲ್ಲಿ, ಕಳಲೆಯ ದಳವಾಯಿಗಳು ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಅವರು ಅಲ್ಲೇ ತೀರಿಕೊಂಡರು. 1761ರ ಹೊತ್ತಿಗೆ ಅದೇ ಆಡಳಿತ ಯಂತ್ರ, ಅದೇ ಬೊಕ್ಕಸ ಹೈದರಾಲಿಯ ಕೈಗೆ ಬಂತು. ಒಬ್ಬನ ಕೈಯಲ್ಲಿ ಎಲ್ಲ ಬಲವನ್ನೂ ಕೂಡಿಹಾಕಿದರೆ, ಆ ಒಬ್ಬನ ಜಾಗವನ್ನು ಹಿಡಿದವನಿಗೆ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಆಗ ಅರಸನ ಪರವಾಗಿ ಯಾವ ಹಳ್ಳಿಯೂ ಎದ್ದು ಬರಲಿಲ್ಲ.

ಮಾನ್ಯರೇ, ನಾನು ಈವರೆಗೆ ಹೇಳಿದ್ದರಲ್ಲಿ ಬಹುಪಾಲು ಅರಮನೆಯ ಕಡೆಯಿಂದ ಬಂದ ಸಾಕ್ಷಿ: ಶಾಸನ, ವಂಶಾವಳಿ, ವಿದೇಶಿ ಯಾತ್ರಿಕನ ಬರಹ, ರೆಸಿಡೆಂಟನ ಇತಿಹಾಸ. ಒಕ್ಕಲಿಗ ಎಷ್ಟು ಕೊಟ್ಟ, ಯಾವ ವರ್ಷ ಕೊಡಲಾಗಲಿಲ್ಲ, ಯಾವ ಬರದಲ್ಲಿ ಮಾಫಿ ಸಿಕ್ಕಿತು ಎಂಬ ಸಾಕ್ಷಿ ಇರುವುದು ಶಾನುಭೋಗರ ಕಡತಗಳಲ್ಲಿ. ಇದ್ದಿಲು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಆ ಲೆಕ್ಕಗಳು ಇಂಥ ಊರುಗಳ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು. ಪಟೇಲ ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾನೂನು ರದ್ದು ಮಾಡಿತು. ಆಮೇಲೆ ಅವು ಬೇಡದ ಸಾಮಾನಾದವು. ಕೆಲವನ್ನು ಒಲೆಗೆ ಹಾಕಿದರು, ಕೆಲವು ಮಳೆಯಲ್ಲಿ ನೆನೆದು ಅಳಿಸಿಹೋದವು. ಹಳೆಯ ಪಟೇಲರ, ಶಾನುಭೋಗರ ಮನೆಯವರು ಈ ಸಭೆಯಲ್ಲಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಅಟ್ಟ ಸ್ವಚ್ಛ ಮಾಡುವಾಗ ಕಪ್ಪು ಬಟ್ಟೆಯ ಮಡಿಕೆ ಸಿಕ್ಕರೆ ನೀರಿನಲ್ಲಿ ಅದ್ದಬೇಡಿ, ಒರೆಸಬೇಡಿ. ಅದು ಅಕ್ಷರವನ್ನೇ ಅಳಿಸುತ್ತದೆ. ಒಣಗಿದ ಬಟ್ಟೆಯಲ್ಲಿ ಸುತ್ತಿಡಿ, ಊರಿನ ಶಾಲೆಯ ಮೇಷ್ಟ್ರಿಗೆ ತೋರಿಸಿ ಪುಟಪುಟದ ಫೋಟೊ ತೆಗೆಸಿ, ರಾಜ್ಯ ಪತ್ರಾಗಾರ ಇಲಾಖೆಗೆ ತಿಳಿಸಿ. ಇಲ್ಲಿಗೆ ಬಂದಿರುವ ಮಕ್ಕಳು ಅಗ್ರಹಾರ ಬಾಚಹಳ್ಳಿಯ ಕಂಬಗಳನ್ನು ನೋಡಿ ಬರಲಿ, ಜೊತೆಗೆ ತಮ್ಮ ಅಜ್ಜಂದಿರ ಮನೆಯ ಅಟ್ಟವನ್ನೂ ಒಮ್ಮೆ ಹತ್ತಿ ನೋಡಲಿ.